ಮಹಡಿಯ ಕೋಣೆಯ ಸರ್ವರು

ಹಿಟ್ಟಿನ ಗಿರಣಿಯಲ್ಲಿ ಕಂಪ್ಯೂಟರು ಬಾಳುವುದಿಲ್ಲ ಎಂಬುದು ಮಾವನ ಸಿದ್ಧಾಂತ. ಅದಕ್ಕೆ ಸರಿಯಾಗಿ, ಅಳಿಯ ತಂದಿಟ್ಟ ಕಂಪ್ಯೂಟರುಗಳೆಲ್ಲ ಹಿಟ್ಟು ಕುಡಿದು, ಡಿಸ್ಕು ಕೆಟ್ಟು, ಒಂದೊಂದಾಗಿ ಕಣ್ಣು ಮುಚ್ಚಿದ್ದವು. "ಈ ಸಲಾನೂ ಕೆಟ್ರೆ ಅದನ್ನೆಲ್ಲ ಬಿಟ್ಟು ಮೂಟೆ ಹೊಲಿಯೋಕೆ ಬಾ" ಎಂದು ಮಾವ ಕೆಲಸಗಾರರ ಮುಂದೆಯೇ ಹೇಳಿದ್ದರು. ಗಿರಣಿಯ ಯಜಮಾನಿ ಅತ್ತೆ. ಅವರೂ ಬೇಡವೆನ್ನಲಿಲ್ಲ.

ಅಳಿಯ ಹಟಕ್ಕೆ ಬಿದ್ದ. ಡಿಸ್ಕೂ ಇಲ್ಲದ, ಫ್ಯಾನೂ ಇಲ್ಲದ, ಊಟದ ಡಬ್ಬಿಯಷ್ಟೇ ಇರುವ ಮುಚ್ಚಿದ ಕಂಪ್ಯೂಟರು ಪೆಟ್ಟಿಗೆಗಳನ್ನು, ಗಿರಣಿಯ ಯಂತ್ರಗಳನ್ನು ನಡೆಸಲೆಂದು, ಅವುಗಳ ಪಕ್ಕ ಕೂರಿಸಿದ. ಸ್ವಿಚ್ ಒತ್ತಿದರೆ ಸಾಕು, ಬೇಕಾದದ್ದನ್ನೆಲ್ಲ ಅವು ಮಹಡಿಯ ಕೋಣೆಯಲ್ಲಿದ್ದ ಒಂದೇ ಸರ್ವರಿನಿಂದ ತಂತಿಯ ಮೂಲಕ ತರಿಸಿಕೊಳ್ಳುತ್ತಿದ್ದವು. ಪರದೆಗಳೆಲ್ಲ ಒಟ್ಟಿಗೆ ಬೆಳಗಿದಾಗ ಅವನ ಎದೆ ಉಬ್ಬಿತು. ಮಾವ "ನೋಡೋಣ" ಎಂದು ಮೀಸೆ ಮೇಲಿನ ಹಿಟ್ಟು ಒರೆಸಿಕೊಂಡು ಹೋದರು. ಅವರ ಬಾಯಿಂದ ಹೊಗಳಿಕೆ ಹೊರಡಿಸುವುದೂ ಮರಳು ಹಿಂಡಿ ಎಣ್ಣೆ ತೆಗೆಯುವುದೂ ಒಂದೇ.

ಕೆಲವು ವಾರ ಎಲ್ಲವೂ ನೆಟ್ಟಗಿತ್ತು. ಆಮೇಲೊಂದು ಮಧ್ಯಾಹ್ನ ಅಷ್ಟೂ ಪರದೆಗಳು ಒಮ್ಮೆಲೇ ಕಪ್ಪಾದವು. ಹಿಂದಿನವಾದರೂ ಸರದಿಯ ಮೇಲೆ ಸಾಯುತ್ತಿದ್ದವು. ಗಿರಣಿ ನಿಂತಿತು, ಮೂಟೆ ಹೊಲಿಯುವ ದಬ್ಬಣ ಅಳಿಯನ ಕಣ್ಣ ಮುಂದೆ ಕುಣಿಯಿತು.

ಅವನು ಮಹಡಿಗೆ ಓಡಿದ. ಹಿಂದೆಯೇ ಅತ್ತೆ, ಅವರ ಹಿಂದೆ ಒಲ್ಲದ ಮನಸ್ಸಿನಿಂದ ಮಾವ. ಸರ್ವರಿನ ಫ್ಯಾನು ಹಿಟ್ಟಿನಲ್ಲಿ ಹೂತುಹೋಗಿತ್ತು. ಬಾಗಿಲಿಂದ ಅದರವರೆಗೆ ನೆಲದ ತುಂಬ ಬಿಳಿ ಹೆಜ್ಜೆಗಳು.

"ಇಲ್ಲಿಗೆ ಯಾರ್ ಬರ್ತಿದ್ರು?" ಅತ್ತೆ ಗಂಡನನ್ನೇ ಕೇಳಿದರು.

ಮಾವ ಗೋಡೆ ನೋಡಿದರು. "ನಾನೇನೂ ಬರ್ತಿರ್ಲಿಲ್ಲ. ಕೆಲಸದವರು, ಲಾರಿಯವರು, ಗಿರಾಕಿಗಳು ಬಂದಾಗ ಕರ್ಕೊಂಡು ಬಂದು ತೋರಿಸ್ತಿದ್ದೆ, ಅಷ್ಟೆ."

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು. ಏನಂತ ತೋರಿಸ್ತಿದ್ರಿ?"

ಮಾವನ ಕಿವಿ ಕೆಂಪಾಯಿತು. "ಇಡೀ ಗಿರಣೀನ ಒಂದೇ ಪೆಟ್ಟಿಗೇಲಿ ಕೂರಿಸಿದಾನೆ ನಮ್ಮ ಹುಡುಗ, ನೋಡಿ, ಅಂತ."

ಅಳಿಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮದುವೆಯಾದಾಗಿನಿಂದ ಕಾದಿದ್ದ ಮಾತು ಲಾರಿಯವರಿಗೆಲ್ಲ ತಲುಪಿ, ಕಟ್ಟಕಡೆಗೆ ಅವನ ಕಿವಿಗೆ ಬಿದ್ದಿತ್ತು. ಬಂದ ಸಿಟ್ಟೆಲ್ಲ ಇಳಿದುಹೋಯಿತು.

"ತಪ್ಪು ನಂದೇ, ಅತ್ತೆ. ಬಾಗಿಲಿಗೆ ಬೀಗ ಹಾಕ್ಬೇಕಿತ್ತು" ಎಂದ, ಫ್ಯಾನು ಬಿಚ್ಚುತ್ತ.

"ಹಾಕು ಹಾಕು" ಎಂದರು ಮಾವ. "ಕೀ ಮಾತ್ರ ನನ್ನ ಹತ್ರ ಇರ್ಲಿ. ನಾಳೆ ನಿಮ್ಮಪ್ಪ ಬರ್ತಾರೆ, ಅವರಿಗೊಂದ್ಸಲ ತೋರಿಸ್ಬೇಕು."