ತೇಜಶ್ರೀಯ ಸೀಮಂತದೂಟ

ರಾಮನಾಥಪುರ ದಾಟಿ, ಹೊಗೆಸೊಪ್ಪಿನ ಹೊಲಗಳ ನಡುವಿದ್ದ ಆ ಊರಿನ ಅಂಗನವಾಡಿಗೆ ದಿನಾ ಮಧ್ಯಾಹ್ನ ಬಸುರಿಯರು, ಬಾಣಂತಿಯರು ಊಟಕ್ಕೆ ಬರುತ್ತಿದ್ದರು. ತೇಜಶ್ರೀಗೆ ಏಳು ತಿಂಗಳು, ಚೊಚ್ಚಲು. ಹಸಿವೆಂದರೆ ಎಂಥಾ ಹಸಿವು! ಆದರೆ ತಟ್ಟೆ ಮುಂದೆ ಕೂತರೆ ಅದೂ ಇಂಗಿಹೋಗುತ್ತಿತ್ತು. ಎಷ್ಟು ಕುದಿಸಿದರೂ ಬೇಯದ ಬೇಳೆ, ಮುಗ್ಗಲು ಅಕ್ಕಿ, ನಿಂಬೆಹಣ್ಣಿನಷ್ಟೇ ಇದ್ದ ಮೊಟ್ಟೆ.

"ನಾನೇನು ಮಾಡ್ಲಿ ತೇಜು?" ಎನ್ನುತ್ತಿದ್ದರು ಟೀಚರ್ ಸ್ನೇಹಲತಾ. "ಸಾಮಾನು ತರೋ ಕೀರ್ತಿರಾಜ್‌ಗೆ ಫೋನ್ ಮಾಡಿ ಮಾಡಿ ಸಾಕಾಯ್ತು. 'ಗೋಡೌನಿಂದ ಅಂಗೇ ಬತ್ತದೆ' ಅಂತಾನೆ."

ಅಷ್ಟರಲ್ಲಿ ಅಂಗನವಾಡಿಯಲ್ಲಿ ತೇಜಶ್ರೀಗೆ ಸೀಮಂತ ಮಾಡುವುದೆಂದಾಯಿತು. ತಾಲ್ಲೂಕಿನಿಂದ ಅಧಿಕಾರಿ ರೂಪಶ್ರೀ ಮೇಡಂ ಬರುವವರಿದ್ದರು, ಹಣ್ಣಿನ ಬುಟ್ಟಿ ಹೊತ್ತು ಕೀರ್ತಿರಾಜನೂ. ಟೀಚರ್ ಹೋಟೆಲಿನಿಂದ ಊಟ ತರಿಸಲು ಹೊರಟರು.

"ಬ್ಯಾಡ ಟೀಚರ್. ದಿನಾ ಮಾಡೋದನ್ನೇ ಮಾಡಿ," ಎಂದಳು ತೇಜಶ್ರೀ. "ಸೀಮಂತ ನಂದಲ್ವಾ? ಊಟಾನೂ ನಾನು ಏಳ್ದಂಗೇ ಆಗ್ಲಿ."

ಟೀಚರಿಗೆ ಗಾಬರಿ. ಅತ್ತೆ ದೊಡ್ಡಮ್ಮನಿಗೆ ಮಾತ್ರ ಸೊಸೆಯ ಕಣ್ಣಲ್ಲಿದ್ದ ತುಂಟತನ ಅರ್ಥವಾಯಿತು. "ಬಡ್ಸೋದು ನಾನು ಕಣವ್ವ," ಎಂದು ಆಗಲೇ ಸೆರಗು ಸಿಕ್ಕಿಸಿದಳು.

ಬಳೆ ತೊಡಿಸಿ, ಆರತಿ ಎತ್ತಿ, ಸೋಬಾನೆ ಹಾಡಿದ ಮೇಲೆ ಮೇಡಂ ಮತ್ತು ಕೀರ್ತಿರಾಜನನ್ನು ಬಸುರಿಯರ ಸಾಲಿನಲ್ಲೇ ಕೂರಿಸಿದರು. ಮೇಡಂ ಒಂದು ತುತ್ತು ಬಾಯಿಗಿಟ್ಟರು. ಅಗಿದರು. ನಿಧಾನವಾಗಿ ತಲೆಯೆತ್ತಿದರು.

"ದಿನಾ ಇದೇ ಊಟಾನಾ?"

ತೇಜಶ್ರೀ ಹೊಸ ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡಳು. "ಊಂ ಮೇಡಂ. ಇವತ್ತು ಸೀಮಂತ ಅಂತ ಒಗ್ಗರಣೆ ಒಸಿ ಜಾಸ್ತಿ."

ಅತ್ತ ಕೀರ್ತಿರಾಜ್ ಅನ್ನ ಕಲಸುತ್ತಲೇ ಇದ್ದ.

"ಉಣ್ಣು ಮಗಾ, ನೀನೇ ತಂದಿದ್ದಲ್ವಾ? ಇನ್ನೊಂದು ಸೌಟು ಆಕ್ಲಾ?" ಎಂದಳು ದೊಡ್ಡಮ್ಮ.

"ಬ್ಯಾಡ ಕಣಮ್ಮ, ಒಟ್ಟೆ ತುಂಬೋಯ್ತು."

"ಬರೀ ಕಲಸುದ್ರೆ ಒಟ್ಟೆ ತುಂಬೋದು ಎಂಗ್ಲಾ?"

ಇಡೀ ಸಾಲು ಗೊಳ್ಳೆಂದಿತು. ಹೊಟ್ಟೆ ಹಿಡಿದುಕೊಂಡು ನಕ್ಕ ತೇಜಶ್ರೀಗೆ ಕಣ್ಣಲ್ಲಿ ನೀರು ಬಂತು. ಮೇಡಂ ಮಾತ್ರ ನಗಲಿಲ್ಲ. ತಟ್ಟೆ ಖಾಲಿ ಮಾಡಿ, ಕೈ ತೊಳೆದು ಬಂದು ಎಲ್ಲರೆದುರೇ ಹೇಳಿದರು: "ಇದಕ್ಕೆ ನಾನೂ ಜವಾಬ್ದಾರಿ. ಇಲ್ಲಿ ಕೂತು ಉಂಡಿದ್ರೆ ಎಂದೋ ಗೊತ್ತಾಗ್ತಿತ್ತು. ಕೀರ್ತಿರಾಜ್, ಈ ಮೂಟೆಗಳೆಲ್ಲ ಇವತ್ತೇ ವಾಪಸ್ ಹೋಗ್ಬೇಕು. ಯಾಕೆ ಹೀಗಾಯ್ತು ಅಂತ ಆಫೀಸಿಗೆ ಬಂದು ಉತ್ತರ ಕೊಡಿ. ಇನ್ಮೇಲೆ ಈ ತಾಯಂದಿರು ನೋಡಿ ಒಪ್ಪಿದ್ರೆ ಮಾತ್ರ ಸಾಮಾನು ಇಳಿಸೋದು."

ಮುಂದಿನ ವಾರ ಗಾಡಿ ಬಂದಾಗ ಬಾಗಿಲಲ್ಲಿ ಹೆಂಗಸರ ಹಿಂಡೇ ನೆರೆದಿತ್ತು. ಬಕೆಟ್ ನೀರಿಗೆ ಒಂದೊಂದೇ ಮೊಟ್ಟೆ ಬಿಟ್ಟು ನೋಡಿದರು. ಮುಳುಗಿದರೆ ಚಪ್ಪಾಳೆ, ತೇಲಿದರೆ "ವಾಪಸ್!" ಎಂಬ ಕೂಗು. ತೇಲಿದವನ್ನೆಲ್ಲ ಕೀರ್ತಿರಾಜ್ ಮತ್ತೆ ಗಾಡಿಗೆ ತುಂಬಿಕೊಂಡ.

ಅಂದು ಬೇಳೆ ಬೆಣ್ಣೆಯಂತೆ ಬೆಂದಿತ್ತು. ತೇಜಶ್ರೀ ಎರಡನೇ ಸಲ ಸಾರು ಹಾಕಿಸಿಕೊಂಡಳು. ಮತ್ತೆ ಕೇಳಲು ನಾಚಿಕೆಯಾಗಿ, ಬೇರೆಲ್ಲೋ ನೋಡುತ್ತಾ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು.