ಹೊಡೆದು ಹಾಕಿದ ಹೆಸರು

"ಇದೂ ಹಾಗೇ," ಎಂದರು ನಿವೃತ್ತ ಮೇಷ್ಟ್ರು, ಹನ್ನೊಂದನೆಯ ಕಾಗದವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿ. "'ನನ್ನ ಆಕ್ಷೆಪಣೆಯನ್ನು ಹಿಂಪಡೆಯುತ್ತಿದ್ದೇನೆ.' ಹನ್ನೊಂದು ಮನೇಲೂ ಆ ಒಂದು ದೀರ್ಘವೇ ಬಿದ್ದು ಹೋಗುತ್ತಾ? ಯಾರೋ ಒಬ್ಬರೇ ಟೈಪ್ ಮಾಡಿಸಿ ಹಂಚಿದಾರೆ."

ಟೈಲರ್ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಓಣಿಯಲ್ಲಿ ಅಷ್ಟು ದೊಡ್ಡ ಮೇಜು ಇನ್ನೆಲ್ಲೂ ಇಲ್ಲವೆಂಬ ಕಾರಣಕ್ಕೆ ಅವಳ ಅಂಗಡಿಯೇ ಹೋರಾಟ ಸಮಿತಿಯ ಕಚೇರಿಯಾಗಿತ್ತು. ಓಣಿಯ ಹಿಂದೆ ಕೆರೆ. ಕೆರೆಯ ಆಚೆ ದಡದ ಹಸಿರು ವಲಯವನ್ನು ವಸತಿ ವಲಯವಾಗಿ ಬದಲಾಯಿಸಿ, ಒಂಬತ್ತು ಅಂತಸ್ತಿನ ಹದಿನಾಲ್ಕು ಕಟ್ಟಡ ಎಬ್ಬಿಸಲು ಕಂಪನಿಯೊಂದು ಅರ್ಜಿ ಹಾಕಿತ್ತು. ಮಣ್ಣು ತುಂಬಿ ಆ ದಡ ಎತ್ತರಿಸಿದರೆ ನೀರು ಓಣಿಗೇ ನುಗ್ಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಟೈಲರ್ ಮೂರು ವಾರ ಮನೆ ಮನೆ ಅಲೆದು ಇನ್ನೂರ ಹನ್ನೆರಡು ಜನರ ಆಕ್ಷೇಪಣೆ ಸಂಗ್ರಹಿಸಿದ್ದಳು. ಹೆಸರು, ಮನೆ ನಂಬರು, ಫೋನು, ಎಲ್ಲ ಅವಳದೇ ಕೈಬರಹ. ಒಂದು ಪ್ರತಿ ನಗರಸಭೆಗೆ ಕೊಟ್ಟಿದ್ದಳು. ಇನ್ನೊಂದು ಮೇಜಿನ ಡ್ರಾಯರಿನಲ್ಲಿತ್ತು.

ಈಗ ಕಂಪನಿಯವರು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದರು. ಆಟೋದವನಿಗೆ ಪರ್ಮಿಟ್ ನೆನಪಿಸಿದರು. ನರ್ಸಮ್ಮನಿಗೆ ಮಗಳ ಕೆಲಸದ ಆಸೆ ತೋರಿಸಿದರು. ಸಹಿ ಹಾಕದವರಿಗೆ ಒಂದು ಕರೆಯೂ ಹೋಗಿರಲಿಲ್ಲ.

"ಪಟ್ಟಿ ಇಲ್ಲಿಂದಲೇ ಹೋಗಿದೆ," ಎಂದರು ಮೇಷ್ಟ್ರು. ಆಮೇಲೆ ಕನ್ನಡಕ ಒರೆಸುತ್ತಾ, "ನಿಮ್ಮ ತಮ್ಮ ಮೊನ್ನೆ ಕಂಪನಿ ಜೀಪಿಂದ ಇಳಿದದ್ದನ್ನ ನಾನೇ ನೋಡಿದೆ. ಹೇಳಬಾರದು ಅಂತಿದ್ದೆ."

ಅವಳ ತಮ್ಮ ಬಡಗಿ. ಓಣಿಯ ಕೊನೆಯಲ್ಲಿ ಅವನ ಕೆಲಸದ ಶೆಡ್ಡು. ಆ ಮೇಜನ್ನೂ ಡ್ರಾಯರನ್ನೂ ಮಾಡಿಕೊಟ್ಟವನು ಅವನೇ.

ಅವಳು ಹೋದಾಗ ಶೆಡ್ಡಿನ ಗೋಡೆಗೆ ಕಿಟಕಿ ಚೌಕಟ್ಟುಗಳು ಸಾಲಾಗಿ ಒರಗಿದ್ದವು.

"ಯಾರಿಗೆ ಕಣೋ ಇಷ್ಟೊಂದು ಕಿಟಕಿ?"

"ಆಚೆ ದಡದಲ್ಲಿ ಕಂಪನಿಯೋರು ಕಟ್ತಿರೋ ಮಾದರಿ ಮನೆಗೆ." ಅವನು ಮರ ಕೀಸುತ್ತಿದ್ದ ಉಜ್ಜುಗೊರಡನ್ನು ನಿಲ್ಲಿಸಲಿಲ್ಲ. "ಕೇಳೋಕೇ ಬಂದಿದೀಯ ತಾನೇ? ನೆಟ್ಟಗೆ ಕೇಳೇ."

"ಪಟ್ಟಿ ಕೊಟ್ಯಾ?"

"ಕಿಟಕಿ ಕೊಟ್ಟೆ. ಎರಡು ತಿಂಗಳಿಂದ ಕೈ ಕಟ್ಕೊಂಡು ಕೂತಿದ್ದೆ, ನಿಂಗೇ ಗೊತ್ತು. ಹೇಳಿದ್ರೆ ಬಾಯಿಗೆ ಬಂದಂಗೆ ಬೈತೀಯ ಅಂತ ಹೇಳ್ಲಿಲ್ಲ. ಪಟ್ಟಿ ಮುಟ್ಟಿಲ್ಲ."

"ಇದನ್ನ ಮುಚ್ಚಿಟ್ಟೋನು..."

ಗೊರಡು ನಿಂತಿತು. "ಮುಂದಿಂದು ಹೇಳ್ಬೇಡ ಅಕ್ಕಾ."

ಅವಳು ಹೇಳಲಿಲ್ಲ. ಆದರೆ ಅಂದಿನಿಂದ, ಅವನು ಹಿಂದೆ ಅಂಗಡಿಗೆ ಬಂದುಹೋದ ಒಂದೊಂದು ಸಲವೂ ಅವಳಿಗೆ ಬೇರೆಯಾಗಿ ಕಂಡಿತು. ಸುತ್ತಿಗೆ ಮರೆತೆ ಅಂತ ಬಂದಿದ್ದನಲ್ಲ, ನಿಜವಾಗಿ ಮರೆತಿದ್ದನೇ? ಡ್ರಾಯರು ಬಿಗಿಯಾಗಿದೆ ಎಂದು ಅವತ್ತು ಎಳೆದು ನೋಡಿದ್ದು ಏಕೆ? ಡ್ರಾಯರಿಗೆ ಬೀಗ ಹಾಕಿಸಿದಳು, ಬೇರೆ ಬಡಗಿಯಿಂದ.

ಎರಡು ತಿಂಗಳ ಮೇಲೆ, ನಗರಸಭೆಯ ವಿಚಾರಣೆಯ ಹಿಂದಿನ ದಿನ, ಅಲ್ಲಿ ಮಾತಾಡುವವರ ಹೆಸರಿನ ಹಾಳೆಯನ್ನು ಮೇಷ್ಟ್ರು ಅವಳ ಮುಂದೆ ತಳ್ಳಿದರು. ಶೆಡ್ಡಿನ ಆ ಮಾತಿಗೂ ಮುಂಚೆ ಅದನ್ನು ಬರೆದಿಟ್ಟವಳೂ ಅವಳೇ; ಎರಡನೆಯ ಹೆಸರು ತಮ್ಮನದು. "ನಾನು ಹೊಡೀಲೋ, ನೀವೇ ಹೊಡೀತೀರೋ?"

ಅವಳೇ ಹೊಡೆದಳು. ಹಾಳೆ ಹರಿಯುವುದೊಂದು ಬಾಕಿ. ತಮ್ಮನಿಗೆ ಯಾರೂ ತಿಳಿಸಲಿಲ್ಲ.

ನಗರಸಭೆಯ ಹಾಲಿನಲ್ಲಿ ಫ್ಯಾನುಗಳು ಸದ್ದು ಮಾಡುತ್ತಿದ್ದವು. ಮೊದಲು ಮೇಷ್ಟ್ರು ಮಾತಾಡಿದರು, ಪಾಠ ಮಾಡಿದ ಹಾಗೆ. ಗುಮಾಸ್ತ ಹಾಳೆ ನೋಡಿ, "ಎರಡನೇದು ಹೊಡೆದಿದೆ. ಮೂರನೇದು..." ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಬಡಗಿ ಎದ್ದು ಬಂದ. ಕಂಕುಳಲ್ಲಿ ಗೋಣಿ ಸುತ್ತಿದ ಏನೋ ಇತ್ತು. ಗುಮಾಸ್ತನ ಮೇಜಿನ ಮೇಲೆ ಬಗ್ಗಿ ಹಾಳೆಯನ್ನು ನೋಡಿದ. ಅಕ್ಷರ ಯಾರದೆಂದು ಅವನು ಯಾರನ್ನೂ ಕೇಳಬೇಕಿರಲಿಲ್ಲ. ಅವನಿಗೆ ಅಕ್ಷರ ತಿದ್ದಿಸಿದವಳೇ ಅಕ್ಕ.

"ಹೊಡೆದಿದ್ರೂ ಓದೋಕೆ ಬರುತ್ತಲ್ಲ ಸಾರ್," ಎಂದ, ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗೆ. "ಎರಡು ನಿಮಿಷ ಕೊಡಿ."

ಗೋಣಿ ಬಿಚ್ಚಿದ. ಒಳಗೆ ಕಿಟಕಿ ಚೌಕಟ್ಟಿನ ಕೆಳತುಂಡು. ಕಪ್ಪಾಗಿ, ಬ್ರೆಡ್ಡಿನಂತೆ ಉಬ್ಬಿತ್ತು. "ಮಾದರಿ ಮನೆಗೆ ನಾನೇ ಕೂರಿಸಿದ್ದು. ಆರೇ ವಾರ ಆಯ್ತು, ಒಂದು ಹನಿ ಮಳೆ ಇಲ್ಲ. ಗೋಡೆ ಪಕ್ಕ ಗೇಣುದ್ದ ಕೆದಕಿದೆ, ನೀರು ಬಂತು. ಕೀಸಿ ಬಣ್ಣ ಬಳಿದುಬಿಡು ಅಂದ್ರು. ನಂಗೆ ಗೊತ್ತಿರೋದು ಮರ ಒಂದೇ. ಇದು ಕೆರೇಲಿ ನಿಂತಿರೋ ಮರ ಸಾರ್."

ಮುಂದಿನ ಸಾಲಿನಲ್ಲಿ ಕಂಪನಿಯವನು ಪುಸ್ತಕ ತೆರೆದು ಏನೋ ಬರೆದುಕೊಂಡ. ಬಡಗಿಯ ಕೆಲಸ ಹೋಯಿತೆಂದು ಹಾಲಿನಲ್ಲಿದ್ದವರಿಗೆಲ್ಲ ಗೊತ್ತಾಯಿತು. ಅಧಿಕಾರಿ ಆ ತುಂಡನ್ನು ಉಗುರಿನಿಂದ ಒತ್ತಿ ನೋಡಿದರು. ಮಣ್ಣನ್ನು ಮತ್ತೆ ಪರೀಕ್ಷಿಸಿ ವರದಿ ಬರುವತನಕ ವಲಯ ಬದಲಾವಣೆ ಇಲ್ಲ ಎಂದು ಬರೆಸಿದರು.

ಜನ ಚಪ್ಪಾಳೆ ತಟ್ಟುತ್ತಾ ಹೊರಬಂದರು. ಟೈಲರ್ ತಮ್ಮನನ್ನು ಹುಡುಕುತ್ತಾ ಪಡಸಾಲೆಗೆ ಬಂದವಳು ನೋಟೀಸ್ ಬೋರ್ಡಿನ ಮುಂದೆ ನಿಂತುಬಿಟ್ಟಳು. ಗಾಜಿನ ಹಿಂದೆ ಅವಳ ಬರಹವೇ ಇತ್ತು. ಇನ್ನೂರ ಹನ್ನೆರಡು ಹೆಸರು, ಮನೆ ನಂಬರು, ಫೋನು, ಒಂಬತ್ತು ಹಾಳೆ.

"ಇದು... ಯಾವಾಗಿಂದ?"

"ನೀವು ಕೊಟ್ಟ ಮಾರನೇ ದಿನಾನೇ ಅಂಟಿಸಿದ್ವಿ," ಎಂದ ಗುಮಾಸ್ತ. "ನಿಯಮ ಇರೋದೇ ಹಾಗಮ್ಮ. ಯಾರು ಬೇಕಾದ್ರೂ ನೋಡ್ಬಹುದು. ಕಂಪನಿಯೋರು ಅವತ್ತೇ ಬರ್ಕೊಂಡು ಹೋದ್ರು."

ಅವಳು ಮೆಟ್ಟಿಲಿಳಿದು ಓಡಿದಳು. ತಮ್ಮ ಸೈಕಲ್ಲಿನ ಬೀಗ ತೆಗೆಯುತ್ತಿದ್ದ.

"ಬಾರೋ, ಇಲ್ಲಿ ನೋಡು ಬಾ, ಪಟ್ಟಿ ಇಲ್ಲೇ..."

"ನೋಡ್ದೆ," ಎಂದ. "ಒಳಗೆ ಬರೋವಾಗ್ಲೇ ನೋಡ್ದೆ." ಸೈಕಲ್ ಹತ್ತಿ ಹೊರಟುಹೋದ.

ಮೂರು ದಿನ ತಮ್ಮನಲ್ಲಿಗೆ ಹೋಗಬೇಕೆಂದು ಹೊರಟು, ಮೂರು ದಿನವೂ ಏನೋ ಹೊಲಿಗೆಯ ನೆಪ ಹೇಳಿಕೊಂಡು ನಿಂತಳು. ನಾಲ್ಕನೆಯ ದಿನ ಶೆಡ್ಡಿನ ಬಾಗಿಲಿಗೆ ಹೋದಾಗ ಕಂಪನಿ ವಾಪಸು ಕಳಿಸಿದ ಕಿಟಕಿಗಳು ಅಂಗಳದಲ್ಲಿ ರಾಶಿ ಬಿದ್ದಿದ್ದವು. ತಮ್ಮ ಗರಗಸದ ಹಲ್ಲುಗಳಿಗೆ ಅರ ಹಾಕುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಮೂಲೆಯಲ್ಲಿದ್ದ ಸ್ಟೂಲು ಎಳೆದು, ಹೆಗಲ ಮೇಲಿನ ಟವೆಲಿನಿಂದ ಮರದ ಪುಡಿ ಒರೆಸಿದ. ಇನ್ನೊಮ್ಮೆ ಒರೆಸಿದ.

"ಬನ್ನಿ," ಎಂದ. "ಕೂತ್ಕೊಳ್ಳಿ."

ಅವಳು ಕೂರುವತನಕ ಅವನು ನಿಂತೇ ಇದ್ದ.