ಜಂತಿಯಿಂದ ಬಿದ್ದ ಇಗ್ವಾನ

ನಾನು ಒಂದು ಇಗ್ವಾನ. ಹೆಸರು ಕೇಳಿ ಹೆದರಬೇಡಿ. ಹಸಿರು ಮೈ, ಬೆನ್ನುದ್ದಕ್ಕೂ ಬಾಚಣಿಗೆಯ ಹಲ್ಲಿನಂಥ ಮುಳ್ಳು, ಗದ್ದದ ಕೆಳಗೆ ಜೋತಾಡುವ ತೊಗಲು, ಮೈಗಿಂತ ಎರಡು ಪಟ್ಟು ಉದ್ದದ ಬಾಲ. ನನ್ನನ್ನು ಮೊದಲ ಸಲ ಕಂಡವರು ಮೊಸಳೆ ಮರಿ ಎನ್ನುತ್ತಾರೆ, ಆಮೇಲೆ ಉಡ ಎನ್ನುತ್ತಾರೆ, ಧೈರ್ಯ ಬಂದ ಮೇಲೆ ದೊಡ್ಡ ಓತಿಕ್ಯಾತ ಎನ್ನುತ್ತಾರೆ. ನಾನು ಈ ಮೂರೂ ಅಲ್ಲ. ನಮ್ಮ ಕುಲದವರು ಸಮುದ್ರದಾಚೆಯ ಕಾಡುಗಳಲ್ಲಿ ಮರದ ತುದಿಯಲ್ಲಿ ಕುಳಿತು, ಎಲೆ ತಿಂದು, ಬಿಸಿಲು ಕಾಯಿಸಿಕೊಂಡು ಬಾಳುವವರು.

ನಾನು ಹುಟ್ಟಿದ್ದು ಮಾತ್ರ ಚೆನ್ನೈ ಹತ್ತಿರದ ಒಂದು ತಗಡಿನ ಶೆಡ್ಡಿನಲ್ಲಿ. ಒದ್ದೆ ಮಣ್ಣು ತುಂಬಿದ ಡಬ್ಬಿಯಲ್ಲಿ ಮೂರು ತಿಂಗಳು ತತ್ತಿಯಾಗಿದ್ದು, ಒಂದು ದಿನ ಚಿಪ್ಪು ಸೀಳಿ ಹೊರಬಂದೆ. ಕಣ್ಣು ಬಿಟ್ಟಾಗ ಅಕ್ಕಪಕ್ಕ ಮೂವತ್ತು ಒಡಹುಟ್ಟಿದವರು. ತಾಯಿಯನ್ನು ನಾನು ನೋಡಲಿಲ್ಲ. ನಮ್ಮಲ್ಲಿ ಯಾರೂ ನೋಡುವುದಿಲ್ಲ, ಅದರಲ್ಲಿ ಅಳುವಂಥದ್ದೇನೂ ಇಲ್ಲ.

ಅಲ್ಲಿಂದ ನನ್ನನ್ನು ಬೆಳಗಾವಿಯ ಒಂದು ಅಂಗಡಿಗೆ ಕಳಿಸಿದರು. ಒಂದೇ ಗೋಡೆಗೆ ನಾಲ್ಕು ಗಾಜಿನ ಪೆಟ್ಟಿಗೆ. ಎಡಗಡೆ ಕಿವಿಯ ಹತ್ತಿರ ಕೆಂಪು ಪಟ್ಟೆಯಿದ್ದ ಆಮೆ. ಅವನಿಗೆ ಈಜಲು ನೀರೂ ಬೇಕು, ಹತ್ತಿ ಒಣಗಲು ಕಲ್ಲೂ ಬೇಕು. ಅಂಗಡಿಯವನು ನೀರು ಕೊಟ್ಟು ಕಲ್ಲು ಮರೆತಿದ್ದ. ಬಲಗಡೆ ಚಿರತೆಯ ಚುಕ್ಕೆಗಳ ಒಂದು ಹಲ್ಲಿ. ಅದು ಗೋಡೆ ಏರುವುದಿಲ್ಲ, ಜೀವಂತ ಹುಳುಗಳನ್ನಲ್ಲದೆ ಬೇರೇನೂ ಮುಟ್ಟುವುದಿಲ್ಲ. ಅದರಾಚೆ ಚೆಂಡಿನಂತೆ ಸುತ್ತಿಕೊಳ್ಳುವ ಹೆಬ್ಬಾವಿನ ಮರಿ. ಅದಕ್ಕೆ ವಾರಕ್ಕೊಂದು ಇಲಿ, ಅಡಗಿಕೊಳ್ಳಲು ಒಂದು ಪೊಟರೆ, ಇಷ್ಟು ಸಿಕ್ಕರೆ ಯಾರ ಗೊಡವೆಯೂ ಬೇಡ. ನಾಲ್ವರಿಗೂ ನಾಲ್ಕು ಬಗೆಯ ಊಟ, ನಾಲ್ಕು ಬಗೆಯ ಬಿಸಿ. ಆದರೆ ಅಂಗಡಿಯವನ ಬಾಯಲ್ಲಿ ಒಂದೇ ಮಂತ್ರ: "ಒಂದ್ ಗಾಜಿನ ಪೆಟ್ಟಿಗಿ, ಒಂದ್ ಬಲ್ಬು, ದಿನಾ ಒಂದ್ ಕುದಿಸಿದ ತತ್ತಿ. ಅಷ್ಟ ಸಾಕ್ರಿ."

ಈ ಮಂತ್ರವನ್ನು ನಂಬಿದವರು ಶಿವಪ್ರಭು. ವಿಮಾ ಕಚೇರಿಯ ಅಧಿಕಾರಿ, ಒಂಟಿಯಾಗಿ ಫ್ಲ್ಯಾಟಿನಲ್ಲಿದ್ದವರು, ಒಳ್ಳೆಯ ಮನಸ್ಸಿನ ಮನುಷ್ಯ. ಮೊಬೈಲಿನಲ್ಲಿ ಯಾರೋ ಹೇಳಿದ್ದು ಅಂಗಡಿಯವನ ಮಾತಿಗೆ ಹೊಂದಿತು, ಅಂಗಡಿಯವನು ಮೊಬೈಲಿನ ಮಾತಿಗೆ ತಲೆಯಾಡಿಸಿದ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬ ಗಾದೆ ನನ್ನ ಪಾಲಿಗೆ ಹೀಗೆ ನಿಜವಾಯಿತು. ಎರಡು ವರ್ಷ ನಾನು ಮುಚ್ಚಿದ ಕಿಟಕಿಯ ಪಕ್ಕ, ಗಾಜಿನೊಳಗೆ, ತತ್ತಿಯ ಬಿಳಿ ಮತ್ತು ಎಲೆಕೋಸು ತಿಂದುಕೊಂಡು ಇದ್ದೆ. ಮನುಷ್ಯರನ್ನು ಮೇಲಿನಿಂದ ನೋಡಬೇಕಾದ ಜಾತಿ ನಮ್ಮದು. ನಾನು ಅವರನ್ನು ಕೆಳಗಿನಿಂದಲೇ ನೋಡಿದೆ. ಶಿವಪ್ರಭು ಎಂದರೆ ನನಗೆ ಎರಡು ಮೂಗಿನ ಹೊಳ್ಳೆ ಮತ್ತು ಒಂದು ಕನ್ನಡಕ. ಬೆಳಗಾವಿಯ ಮಳೆ, ಮೋಡ, ಚಳಿ. ಬಿಸಿಲು ಬಂದ ದಿನವೂ ಅದು ಗಾಜನ್ನು ದಾಟಿ ಬರುವಷ್ಟರಲ್ಲಿ ಸತ್ವ ಕಳೆದುಕೊಂಡಿರುತ್ತಿತ್ತು. ನನ್ನ ಕಾಲುಗಳು ಬಲಗುಂದುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು, ಹೇಳಲು ಬಾಯಿರಲಿಲ್ಲ.

ಶಿವಪ್ರಭುಗೆ ದೂರದ ಊರಿಗೆ ವರ್ಗವಾಯಿತು. ನನ್ನನ್ನು ಪೆಟ್ಟಿಗೆ ಸಮೇತ ಗುಳೇದಗುಡ್ಡದ ಅಕ್ಕನ ಮನೆಗೆ ತಂದಿಟ್ಟು, ಅದೇ ಮಂತ್ರ ಒಪ್ಪಿಸಿ ಹೋದರು.

ಅಕ್ಕ ನೀಲವ್ವ ಅಂಗನವಾಡಿ ಕಾರ್ಯಕರ್ತೆ. ಗಂಡ ಬಸ್ಸಿನ ಕಂಡಕ್ಟರ್, ಮನೆಯಲ್ಲಿರುವುದು ವಾರಕ್ಕೆ ಎರಡು ದಿನ. ಮನೆಯ ಯಜಮಾನರು ಮಾವ ಮುರಿಗೆಯ್ಯನವರು, ಎಪ್ಪತ್ತಾರು ವರ್ಷದ ಅಯ್ಯನವರು. ಓಣಿಯಲ್ಲಿ ಮದುವೆಯಾಗಲಿ, ಹೊಸ ಮಗ್ಗ ಹೂಡುವುದಾಗಲಿ, ಅವರು ಪಂಚಾಂಗ ತೆರೆದು ಹೇಳಿದ ಮೇಲೇ. "ನಮ್ಮ ಮನ್ಯಾಗ ತತ್ತಿ ಒಲಿ ಮ್ಯಾಲ ಏರಂಗಿಲ್ಲ" ಎಂದು ಮೊದಲ ದಿನವೇ ಅಪ್ಪಣೆಯಾಯಿತು. ನೀಲವ್ವ ಹೆದರುತ್ತ ಮೆಂತ್ಯದ ಸೊಪ್ಪು ಇಟ್ಟರು. ನಾನು ಕಡ್ಡಿಯನ್ನೂ ಬಿಡದೆ ತಿಂದೆ. ಮುರಿಗೆಯ್ಯನವರು ದೂರದಿಂದಲೇ ನೋಡಿ, "ಅರೆ, ಇದು ನಮ್ಮ ಪೈಕೀನ ಐತಲ್ಲ!" ಎಂದು ನಕ್ಕರು. ಆ ದಿನಗಳಲ್ಲಿ ಅವರು ನನ್ನನ್ನು ನೋಡಿ ನಕ್ಕಿದ್ದು ಅದೊಂದೇ ಸಲ. ಮುಂದಿನ ನಗೆಗೆ ನಾನು ಬಹಳ ದಿನ ಕಾಯಬೇಕಾಯಿತು.

ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ನೀಲವ್ವ ನನ್ನನ್ನು ಹೊರಗೆ ಬಿಟ್ಟು ಪೆಟ್ಟಿಗೆ ತೊಳೆಯುತ್ತಿದ್ದರು. ಅದು ಹಳೆಯ ಮಾಳಿಗೆ ಮನೆ. ಪಡಸಾಲೆಯ ಜಂತಿಗಳ ನಡುವೆ ಒಂದು ಬೆಳಕಿಂಡಿ, ಅದರಿಂದ ಕೋಲಿನಂತೆ ಇಳಿದ ಬಿಸಿಲು. ಗಾಜು ಇಲ್ಲದ ಬಿಸಿಲನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ಕಂಡೆ. ತಡೆಯಲಾಗಲಿಲ್ಲ. ಕಂಬ ಹಿಡಿದು ಏರಿದೆ, ಜಂತಿ ತಲುಪಿದೆ, ಇನ್ನೊಂದು ಮೊಳ ದಾಟಿದರೆ ಬೆಳಕಿಂಡಿ. ಅಷ್ಟರಲ್ಲಿ ಮುಂಗಾಲು ನಡುಗಿತು. ಹಿಡಿದ ಹಿಡಿತ ತಪ್ಪಿತು. ಕೆಳಗೆ ಮುರಿಗೆಯ್ಯನವರು ಯಾರಿಗೋ ಮುಹೂರ್ತ ನೋಡುತ್ತ ಕುಳಿತಿದ್ದರು. ಬಾಲ ಸೇರಿ ಎರಡಡಿಯ ನಾನು ಅವರ ಬೋಳು ತಲೆಯ ಮೇಲೆ ಬಿದ್ದು, ಅಲ್ಲಿಂದ ಪಂಚಾಂಗದ ಮೇಲೆ ಉರುಳಿದೆ.

ಮುಂದಿನದನ್ನು ಕೇಳಿ. ಯಾರೂ ನನ್ನನ್ನು ನೋಡಲಿಲ್ಲ. ಎಲ್ಲರೂ ಪಂಚಾಂಗ ನೋಡಿದರು. ಅದರಲ್ಲಿ ಹಲ್ಲಿ ಬಿದ್ದ ಫಲ ಎಂದು ಒಂದು ಪುಟವಿತ್ತು. ಎಡ ಭುಜ, ಬಲ ಭುಜ, ಹೊಕ್ಕಳು, ಮೊಣಕಾಲು, ಒಂದೊಂದಕ್ಕೆ ಒಂದೊಂದು ಫಲ. ನೆತ್ತಿಯ ಮುಂದೆ ಬರೆದದ್ದು: ಮರಣಭಯ. ಮುಹೂರ್ತಕ್ಕೆ ಬಂದವರು, "ಹಲ್ಲಿ ಅಲ್ರೀ ಇದು, ಓತಿಕ್ಯಾತದ ಜಾತಿ. ಅದು ಮೈ ಮ್ಯಾಲ ಏರಿದ್ರಷ್ಟ ಲೆಕ್ಕ, ಬಿದ್ದದ್ದು ಲೆಕ್ಕಿಲ್ಲ" ಎಂದು ಸಮಾಧಾನ ಹೇಳಿದರು. ಮುರಿಗೆಯ್ಯನವರು ಬೆವರು ಒರೆಸಿಕೊಂಡು, "ಎರಡಡಿ ಐತಿ. ಹಲ್ಲಿಗೆ ಅಷ್ಟಾದ್ರ ಇದಕ್ಕ ಎಷ್ಟಾಗಬಾರ್ದು?" ಎಂದರು. ಊರಿಗೆಲ್ಲ ಫಲ ಹೇಳಿದವರು. ತಮ್ಮ ಫಲವನ್ನು ತಳ್ಳಿಹಾಕಲು ಬರುತ್ತದೆಯೇ? ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಿದರು, ತುಪ್ಪದ ದೀಪ ಹಚ್ಚಿದರು. ಆದರೂ ಭಯ ಇಳಿಯಲಿಲ್ಲ. ಆರು ತಿಂಗಳೊಳಗೆ ಎಂದು ಅವರೇ ಗಡುವು ಹೇಳಿಕೊಂಡರು. ರೊಟ್ಟಿ ಅರ್ಧಕ್ಕೆ ಇಳಿಯಿತು, ಮಾತು ಕಾಲುಭಾಗಕ್ಕೆ ಇಳಿಯಿತು.

ಎಂಟನೆಯ ದಿನ ತೀರ್ಮಾನವಾಯಿತು. ಕೊಂದರೆ ಪಾಪ, ಮನೆಯಲ್ಲಿಟ್ಟುಕೊಂಡರೆ ಭಯ. ಆದ್ದರಿಂದ ನನ್ನನ್ನು ಊರಾಚೆಯ ಗುಡ್ಡದಲ್ಲಿ ಬಿಟ್ಟುಬರುವುದು. ಅದನ್ನು ಕೇಳಿ ನನ್ನ ಮೈ ಕಪ್ಪಿಟ್ಟಿತು. ಹೆದರಿದರೆ ನಮ್ಮ ಬಣ್ಣ ಹೀಗೇ ಹೋಗುತ್ತದೆ. ಏರಲು ಬಾರದ ಕಾಲು, ಮೇಲೆ ಹದ್ದು, ಸುತ್ತ ನಾಯಿ. ಗುಡ್ಡದಲ್ಲಿ ನನಗೆ ಒಂದು ದಿನದ ಆಯುಷ್ಯವೂ ಇರಲಿಲ್ಲ.

ನೀಲವ್ವ ಬುಟ್ಟಿ ತಂದರು. ನನ್ನನ್ನು ಎತ್ತಿ ಬುಟ್ಟಿಯಲ್ಲಿ ಇಡಬೇಕು, ಇಡಲಿಲ್ಲ. ಎರಡು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಹೆಬ್ಬೆರಳಿನಿಂದ ನನ್ನ ಕೆಳದವಡೆಯನ್ನು ಮೆಲ್ಲಗೆ ಒತ್ತಿದರು. ಅದು ರಬ್ಬರಿನಂತೆ ಬಾಗಿತು. ಮುಂಗಾಲು ನೀಡಿ ನೋಡಿದರು. ಅದು ಬಿಲ್ಲಿನಂತೆ ಸೊಟ್ಟಗಿತ್ತು. ಹದಿನೇಳು ವರ್ಷ ಓಣಿಯ ಕೂಸುಗಳನ್ನು ಎತ್ತಿ, ತೂಗಿ, ಕೈಕಾಲು ಮುಟ್ಟಿ ನೋಡಿದ ಕೈ ಅದು.

"ಮಾವಾರ," ಎಂದರು ನೀಲವ್ವ, "ಬಿಸಲು ಕಾಣದ ಕೂಸಿನ ಕಾಲು ಹಿಂಗ ಆಗತಾವ. ಗಿಡಾ ಏರಿ ಬದುಕೂ ಪ್ರಾಣಿ ಜಂತಿ ಹಿಡಕೊಳ್ಳಾಕ ಆಗದ ಬಿತ್ತಂದ್ರ, ಅದಕ್ಕ ಏನೋ ಆಗೇತಿ. ನಿಮಗ ಏನಾಗತೈತಿ ಅಂತ ಎಲ್ಲಾರೂ ಪುಸ್ತಕ ತಗದು ನೋಡಿದ್ರಿ. ಇದು ಯಾಕ ಬಿತ್ತು ಅಂತ ಯಾರರ ಕೇಳಿದ್ರೇನು?"

"ನನ್ನ ಜೀವಕ್ಕ ಬಂದೈತಿ, ನೀ ಅದರ ಕಾಲ್ ನೋಡಾಕ ನಿಂತೀಯಲ್ಲವಾ!"

"ನಿಮ್ಮ ಜೀವಕ್ಕ ಏನೂ ಬಂದಿಲ್ರಿ. ಬಂದದ್ದು ಇದರ ಜೀವಕ್ಕ. ಮರಣಭಯ ಅಂತ ಬರದದ್ದು ಖರೇನ ಐತಿ, ಯಾರಿಗೆ ಅಂತ ನೀವು ತಪ್ಪು ಓದೀರಿ."

ಸೊಸೆ ಹೀಗೆ ಎದುರುತ್ತರ ಕೊಟ್ಟಿದ್ದು ಅದೇ ಮೊದಲಂತೆ. ಮುರಿಗೆಯ್ಯನವರು ಬಗ್ಗಿ ನನ್ನ ಸೊಟ್ಟ ಕಾಲನ್ನು ನೋಡಿದರು. ಆಮೇಲೆ ಎದ್ದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ಬಾಗಲಕೋಟಿ ಬಸ್ಸು ಎಷ್ಟಕ್ಕೈತಿ?" ಎಂದರು. ಆ ಬಸ್ಸಿನಲ್ಲಿ ಬುಟ್ಟಿ ಅವರ ತೊಡೆಯ ಮೇಲೆಯೇ ಇತ್ತು.

ಬಾಗಲಕೋಟೆಯ ಪಶುವೈದ್ಯೆ ಡಾಕ್ಟರ್ ನಸೀಮಾ ನನ್ನನ್ನು ತಿರುವಿ ಮುರುವಿ ನೋಡಿ ನಿಟ್ಟುಸಿರು ಬಿಟ್ಟರು. "ಎಲುಬು ಮೆತ್ತಗಾಗ್ಯಾವ. ಗಾಜು ಬೆಳಕು ಬಿಡತೈತಿ, ಎಲುಬು ಗಟ್ಟಿ ಮಾಡೂ ಕಿರಣ ಬಿಡಂಗಿಲ್ಲ. ಮ್ಯಾಲಿಂದ ತತ್ತಿ ಬ್ಯಾರೆ! ಇನ್ನೊಂದ್ ತಿಂಗಳು ತಡಾ ಮಾಡಿದ್ರ ಉಳೀತಿರಲಿಲ್ಲ." ಔಷಧಿ ಕೊಟ್ಟು, ಸುಣ್ಣದ ಸತ್ವದ ಪುಡಿ ಕೊಟ್ಟು, ಹೇಳಿದರು: ಬೆಳಗಿನ ಬಿಸಿಲು ದಿನಾ, ಬಯಲಲ್ಲೇ ಬೇಕು. ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗಿಟ್ಟರೆ ಒಳಗಿರುವುದು ಬೆಂದುಹೋಗುತ್ತದೆ. ಅರ್ಧ ಬಿಸಿಲು, ಅರ್ಧ ನೆರಳು ಇರಲಿ, ಬೇಕಾದ್ದನ್ನು ಅದೇ ಆರಿಸಿಕೊಳ್ಳಲಿ. ನುಗ್ಗೆಸೊಪ್ಪು, ದಾಸವಾಳದ ಹೂವು ಮತ್ತು ಎಲೆ, ಕುಂಬಳಕಾಯಿ. ನಿಮ್ಮೂರ ಗಾಳಿ ಒಣ, ದಿನಕ್ಕೆರಡು ಸಲ ಮೈಮೇಲೆ ನೀರು ಚಿಮುಕಿಸಿ. ಹೊರದೇಶದ ಪ್ರಾಣಿ ಸಾಕಿದವರು ಸರಕಾರಕ್ಕೆ ತಿಳಿಸಬೇಕೆಂದು ಕಾಗದವನ್ನೂ ತುಂಬಿಸಿದರು. ಕೊನೆಗೆ ನನ್ನ ನೆತ್ತಿಯ ಮೇಲಿನ ಒಂದು ಚುಕ್ಕೆಯನ್ನು ತೋರಿಸಿ, "ಅಜ್ಜಾರ, ಇದು ಇದರ ಮೂರನೇ ಕಣ್ಣು. ಇದರಿಂದ ಏನೂ ಕಾಣಂಗಿಲ್ಲ, ಬೆಳಕು ಬಂತು, ನೆರಳಾತು ಅಂತ ಅಷ್ಟ ತಿಳೀತೈತಿ" ಎಂದರು.

ಮುರಿಗೆಯ್ಯನವರು ಕೈ ಮುಗಿದರು. ಶಿವಭಕ್ತರಿಗೆ ಮೂರನೆಯ ಕಣ್ಣಿನ ಸುದ್ದಿ ಹೇಳಿದರೆ ಕೇಳಬೇಕೇ? ಬಸ್ಸು ಹತ್ತುವ ಮೊದಲೇ ನನಗೆ ಮುಕ್ಕಣ್ಣ ಎಂದು ಹೆಸರಾಗಿತ್ತು. ಆದರೂ ಅವರ ಭಯ ಹೋಗಿರಲಿಲ್ಲ. ದೇವರ ಹೆಸರಿಟ್ಟ ಮಾತ್ರಕ್ಕೆ ಪಂಚಾಂಗ ಸುಳ್ಳಾಗುವುದಿಲ್ಲ ಎಂದು ಅವರು ನನಗೇ ಎಷ್ಟೋ ಸಲ ಹೇಳಿದ್ದಾರೆ.

ನೀಲವ್ವ ಅಂಗನವಾಡಿಗೆ ಹೋದ ಮೇಲೆ ನನ್ನನ್ನು ಕಾಯುವವರು ಯಾರು? ಅವರೇ. ಹಿತ್ತಲಲ್ಲಿ ನನಗೊಂದು ಕವಲುಕಟ್ಟಿಗೆ, ಅವರಿಗೊಂದು ಮಣೆ. ಕೈಯಲ್ಲಿ ಹದ್ದು ಓಡಿಸುವ ಕೋಲು. ನಮ್ಮೂರ ಬಿಸಿಲನ್ನು ಬೈಯದವರಿಲ್ಲ. ಅವರೂ ಬೈದರು, ಬೆವರಿದರು, ನನ್ನ ಮೈಗೆ ಗಿಂಡಿಯಿಂದ ನೀರು ಚಿಮುಕಿಸಿ, ಉಳಿದದ್ದನ್ನು ತಮ್ಮ ತಲೆಗೆ ಸುರಿದುಕೊಂಡರು. ನನಗಂತೂ ಆ ಬಿಸಿಲು ಅಮೃತ. ಎಲುಬಿನೊಳಗೆ ಏನೋ ಕೂಡಿಕೊಳ್ಳುತ್ತಿದ್ದುದು ದಿನದಿನಕ್ಕೂ ತಿಳಿಯುತ್ತಿತ್ತು. ಪೂಜೆಗೆ ಕೊಯ್ದ ದಾಸವಾಳದಲ್ಲಿ ನನ್ನ ಪಾಲು ಮೊದಲು ಒಂದಿತ್ತು, ಆಮೇಲೆ ಮೂರಾಯಿತು. ದೇವರು ತಕರಾರು ಮಾಡಲಿಲ್ಲ.

ತಿಂಗಳ ಮೊದಲ ಸೋಮವಾರ ನೀಲವ್ವ ಮಕ್ಕಳು ಬರುವ ಮೊದಲೇ ನನ್ನನ್ನು ಅಂಗನವಾಡಿಗೆ ಒಯ್ದು, ಕೂಸು ತೂಗುವ ತಕ್ಕಡಿಯ ಜೋಳಿಗೆಯಲ್ಲಿ ಕೂಡಿಸುತ್ತಿದ್ದರು. ಆರುನೂರು ಗ್ರಾಂ, ಏಳುನೂರು, ಎಂಟುನೂರೈವತ್ತು. ನೋಟುಬುಕ್ಕಿನಲ್ಲಿ ನನಗೂ ಒಂದು ಪುಟ. ಕೂಸುಗಳ ತೂಕದ ಚಾರ್ಟಿನಂತೆ ಕೆಂಪು, ಹಳದಿ, ಹಸಿರು ಪಟ್ಟಿಗಳನ್ನು ತಾವೇ ಎಳೆದಿದ್ದರು. ಕೆಂಪಿನಿಂದ ಹಳದಿಗೆ ಏರಿದ ದಿನ ಮುರಿಗೆಯ್ಯನವರು, "ಹಸರಿಗೆ ಯಾವಾಗ ಬರತಾನ?" ಎಂದು ಕೇಳಿದರು. ಹಾಗೆ ಕೇಳುತ್ತ ಕೇಳುತ್ತ, ತಮ್ಮ ತಟ್ಟೆಯ ಎರಡನೆಯ ರೊಟ್ಟಿಯನ್ನೂ ಮುರಿದಿದ್ದರು. ಅದನ್ನು ನೋಡಿದ ನೀಲವ್ವ ಮೂರನೆಯದನ್ನೂ ತಟ್ಟೆಗೆ ಹಾಕಿದರು.

ಆರು ತಿಂಗಳು ತುಂಬುವ ದಿನ ಬಂತು. ಮುರಿಗೆಯ್ಯನವರು ಬೆಳಿಗ್ಗೆಯೇ ಮಡಿಯುಟ್ಟು, ವಿಭೂತಿ ಧರಿಸಿ, ಒಯ್ಯುವವರು ಬಂದರೆ ಕಾಯಿಸಬಾರದೆಂಬಂತೆ ಹಿತ್ತಲಲ್ಲಿ ಕುಳಿತರು. ಎದುರಿಗೆ ನುಗ್ಗೆಮರ ಹೊಸ ಚಿಗುರು ಹೊದ್ದು ನಿಂತಿತ್ತು. ನನಗೆ ಅವರ ಗಡುವು ನೆನಪಿರಲಿಲ್ಲ. ಚಿಗುರು ಕಂಡಿತು, ಕಾಲು ತಾನಾಗಿಯೇ ಎದ್ದಿತು. ಕಾಂಡ ಹಿಡಿದೆ. ಒಂದು ಹೆಜ್ಜೆ, ಎರಡು, ಉಗುರು ನೆಟ್ಟಲ್ಲೇ ನಿಂತಿತು. ಏರುತ್ತ ಹೋದೆ.

"ಏ ಮುಕ್ಕಣ್ಣಾ! ನುಗ್ಗಿಗಿಡಾನೋ ಅದು, ಟೊಂಗಿ ಲಟಕ್ ಅಂತೈತಿ! ಇಳಿಯೋ ಮಾರಾಯಾ!"

ಕೆಳಗೆ ನೋಡಿದೆ. ಮುರಿಗೆಯ್ಯನವರು ಮಣೆಯಿಂದ ಎದ್ದು, ಹೆಗಲ ಮೇಲಿನ ಟವೆಲ್ಲನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ನಾನು ಅತ್ತ ಸರಿದರೆ ಅತ್ತ, ಇತ್ತ ಸರಿದರೆ ಇತ್ತ ಓಡಾಡುತ್ತಿದ್ದರು. ನೀಲವ್ವ ಬಾಗಿಲಿಗೆ ಬಂದು, "ಮಾವಾರ, ತಲಿ ಮ್ಯಾಲ ಬಿದ್ದಗಿದ್ದೀತು, ಸರೀರಿ!" ಎಂದು ಕೂಗಿದರು. "ಬಿದ್ರ ಬೀಳಲಿ, ನೆಲಕ್ಕ ಬೀಳೂದಕ್ಕಿಂತ ಛಲೋ ಅಲ್ಲೇನು!" ಎಂದರು ಅವರು. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿರಬೇಕು. ಟವೆಲ್ಲು ಹಿಡಿದುಕೊಂಡೇ ನಗಲಾರಂಭಿಸಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನೀಲವ್ವನೂ ನಕ್ಕರು, ಅತ್ತರು. ನಾನು ತುದಿಯ ಚಿಗುರು ತಿನ್ನುತ್ತ ಕುಳಿತೆ. ಮನುಷ್ಯರನ್ನು ಮೇಲಿನಿಂದ ನೋಡಿದರೆ ಎಷ್ಟು ಚೆಂದ ಕಾಣುತ್ತಾರೆ ಎಂದು ಅಂದೇ ನನಗೆ ತಿಳಿದದ್ದು.

ಈಗ ನನಗೆ ಹದಿನಾಲ್ಕು ವರ್ಷ, ನಮ್ಮಲ್ಲಿ ಅದು ಮುಪ್ಪು. ಅವರಿಗೆ ಎಂಬತ್ತೆಂಟು. ಇಬ್ಬರಿಗೂ ಮೇಲೆ ಏರುವ ಆಸೆ ಇಳಿದಿದೆ. ಹಿತ್ತಲ ಮೂಲೆಯಲ್ಲಿ, ಅರ್ಧ ಬಿಸಿಲು ಅರ್ಧ ನೆರಳಿನಲ್ಲಿ, ಅವರ ಮಣೆಯ ಪಕ್ಕದಲ್ಲಿ ನನ್ನ ಕಟ್ಟಿಗೆ. ನನಗೆ ಬೇಕಾದದ್ದು ಬಹಳವೇನೂ ಇರಲಿಲ್ಲ. ಬಿಸಿಲು, ಎಲೆ, ಮತ್ತು ನಾನು ಯಾಕೆ ಬಿದ್ದೆ ಎಂದು ಕೇಳುವ ಒಬ್ಬರು. ಮೊದಲ ಎರಡು ಈ ಊರಲ್ಲಿ ಧಾರಾಳ. ಮೂರನೆಯದು ಸಿಕ್ಕಿದ್ದು ನನ್ನ ಪುಣ್ಯ.

ಮೊನ್ನೆ ಮಗ್ಗದ ಓಣಿಯ ಒಬ್ಬರು ಓಡಿಬಂದರು. ಮುಖ ಬಿಳಿಚಿಕೊಂಡಿತ್ತು. "ಅಜ್ಜಾರ, ಮುಂಜಾನೆ ಗ್ವಾಡಿ ಮಾಡದಾಗಿನ ಹಲ್ಲಿ ಹೆಗಲ ಮ್ಯಾಲ ಬಿತ್ರಿ. ಎಡಕ್ಕ. ಫಲಾ ಏನೈತಿ ನೋಡ್ರಿ."

ಮುರಿಗೆಯ್ಯನವರು ಪಂಚಾಂಗಕ್ಕೆ ಕೈ ಚಾಚಲಿಲ್ಲ. "ಹಲ್ಲಿಗೆ ಪೆಟ್ಟಾತೇನು?" ಎಂದು ಕೇಳಿದರು.

ಬಂದವರು ಅದನ್ನು ನೋಡಿಯೇ ಇರಲಿಲ್ಲ. ನೋಡಿ ಬಂದು ಹೇಳುತ್ತೇನೆಂದು ಎದ್ದು ಮನೆಗೆ ಹೋದರು.